ಕಸಿ ಶಸ್ತ್ರಚಿಕಿತ್ಸಕರಿಗೆ ಅಭಿನಂದನೆ: ಬಿನ್ನವತ್ತಳೆಯಲ್ಲಿ ಏನಿರಬೇಕು, ಏನಿರಬಾರದು

ಪ್ರಶ್ನೆ: ನಾನು ಮಕ್ಕಳ ತಜ್ಞೆ. ನಮ್ಮ ಆಸ್ಪತ್ರೆಯ ಲಿವರ್ ಕಸಿ ವಿಭಾಗದ ಹಿರಿಯ ಶಸ್ತ್ರಚಿಕಿತ್ಸಕರೊಬ್ಬರಿಗೆ ಮಕ್ಕಳ ಲಿವರ್ ಕಸಿಯಲ್ಲಿ ಮಾಡಿದ ಕೆಲಸಕ್ಕಾಗಿ ರಾಷ್ಟ್ರಮಟ್ಟದ ದೊಡ್ಡ ಪ್ರಶಸ್ತಿ ಬಂದಿದೆ. ಮುಂದಿನ ತಿಂಗಳು ಆಸ್ಪತ್ರೆಯ ಸಭಾಂಗಣದಲ್ಲಿ ಸನ್ಮಾನ. ಬಿನ್ನವತ್ತಳೆ ಬರೆಯುವುದೂ ಐದು ನಿಮಿಷ ಅಭಿನಂದನಾ ನುಡಿ ಆಡುವುದೂ ನನ್ನ ಪಾಲಿಗೆ ಬಂದಿದೆ. ನಾನು ಕಳಿಸಿದ ಎಷ್ಟೋ ಮಕ್ಕಳಿಗೆ ಅವರು ಕಸಿ ಮಾಡಿದ್ದಾರೆ, ಆದರೆ ಥಿಯೇಟರಿನೊಳಗಿನ ಕೆಲಸ ನನಗೆ ಅಷ್ಟಾಗಿ ತಿಳಿಯದು. 'ಧನ್ವಂತರಿ', 'ದೇವರು' ಎಂದೆಲ್ಲ ಬರೆದರೆ ಅವರಿಗೇ ಹಿಡಿಸುವುದಿಲ್ಲ. ಸಭೆಯಲ್ಲಿ ವೈದ್ಯರೂ ಇರುತ್ತಾರೆ, ಮಕ್ಕಳ ತಂದೆತಾಯಿಯರೂ ಇರುತ್ತಾರೆ. ಕಸಿ ಮಾಡಿಸಿಕೊಂಡ ಮಕ್ಕಳಿಂದಲೇ ಹಾರ ಹಾಕಿಸೋಣ ಎಂದು ಆಡಳಿತದವರ ಆಸೆ. ಹೇಗೆ ಮಾಡಿದರೆ ಸರಿ?

ಉತ್ತರ:

ಬಿನ್ನವತ್ತಳೆ ಆಮೇಲಾಗಲಿ, ಮೊದಲು ಇವತ್ತೇ ಅವರಿಗೆ ಎರಡು ಸಾಲು ಕಳಿಸಿಬಿಡಿ. ಸುದ್ದಿ ಬಂದ ದಿನವೇ 'ಕಂಗ್ರಾಟ್ಸ್ ಸರ್' ಎಂಬ ಸಂದೇಶಗಳೂ ಹೂಗುಚ್ಛದ ಚಿತ್ರಗಳೂ ಅವರ ಫೋನಿನಲ್ಲಿ ತುಂಬಿಹೋಗಿರುತ್ತವೆ. ನೀವು ಬರೆಯುವುದು ನೀವಲ್ಲದೆ ಬೇರೆಯವರು ಬರೆಯಲಾರದ ಮಾತಾಗಿರಲಿ. ಉದಾಹರಣೆಗೆ: "ಸರ್, ಪ್ರಶಸ್ತಿಯ ಸುದ್ದಿ ಕೇಳಿ ತುಂಬ ಸಂತೋಷವಾಯಿತು. ಏಳು ಕಿಲೋ ತೂಗದ ಮಕ್ಕಳನ್ನು ನಿಮ್ಮ ಕೈಗೆ ಕೊಟ್ಟಿದ್ದೆ. ಅದೇ ಮಕ್ಕಳು ಈಗ ನನ್ನ ಒಪಿಡಿಗೆ ಸ್ಕೂಲ್ ಬ್ಯಾಗ್ ಹಾಕಿಕೊಂಡು ಬರುತ್ತಾರೆ. ನಿಮಗೂ ನಿಮ್ಮ ತಂಡಕ್ಕೂ ಅಭಿನಂದನೆಗಳು." ಇಷ್ಟು ಸಾಕು. ಉತ್ತರ ಬರಲಿಲ್ಲವೆಂದು ಬೇಸರ ಬೇಡ, ಅವರು ಥಿಯೇಟರಿನಲ್ಲಿರಬಹುದು.

ಬಿನ್ನವತ್ತಳೆಗೆ ಕೂರುವ ಮುನ್ನ ಪ್ರಶಸ್ತಿ ಕೊಟ್ಟ ಸಂಸ್ಥೆಯ ಪ್ರಶಂಸಾ ವಾಕ್ಯವನ್ನು ತರಿಸಿಕೊಳ್ಳಿ. ಬಹುಮಾನ ಯಾವ ಕೆಲಸಕ್ಕೆ ಬಂದಿದೆ ಎಂಬುದು ಅದರಲ್ಲಿ ಒಂದೆರಡು ಸಾಲಿನಲ್ಲಿರುತ್ತದೆ. ಹೊಸ ತಂತ್ರಕ್ಕೋ, ಬಹುಕಾಲದ ಫಲಿತಾಂಶಕ್ಕೋ, ಬಡವರಿಗೆ ಕಸಿ ಸಿಗುವಂತೆ ಮಾಡಿದ್ದಕ್ಕೋ, ತರಬೇತಿಗೋ? ನಿಮ್ಮ ಇಡೀ ಬರಹ ಆ ಸಾಲಿನ ಸುತ್ತ ನಿಲ್ಲಬೇಕು. ವೈದ್ಯಕೀಯ ಸಂಶೋಧನೆಗೆ ಅಮೆರಿಕದಲ್ಲಿ ಕೊಡುವ ಲಾಸ್ಕರ್ ಪ್ರಶಸ್ತಿ 2012ರಲ್ಲಿ ಸರ್ಜನ್ನರಾದ ಥಾಮಸ್ ಸ್ಟಾರ್ಜಲ್ ಮತ್ತು ರಾಯ್ ಕಾನ್ ಇಬ್ಬರಿಗೆ ಬಂದದ್ದು ಲಿವರ್ ಕಸಿಯನ್ನು ಚಿಕಿತ್ಸೆಯಾಗಿ ಬೆಳೆಸಿದ್ದಕ್ಕೆ, ಮೊದಲು ಮಾಡಿದ್ದಕ್ಕಲ್ಲ. ಮೊದಲನೆಯದು ಸ್ಟಾರ್ಜಲ್ 1963ರ ಮಾರ್ಚ್ 1ರಂದು ಡೆನ್ವರ್‌ನಲ್ಲಿ ಮಾಡಿದ್ದು. ಮೂರು ವರ್ಷದ ಆ ಮಗು ರಕ್ತಸ್ರಾವದಿಂದ ಟೇಬಲ್ಲಿನ ಮೇಲೆಯೇ ತೀರಿಕೊಂಡಿತು. ಆ ವರ್ಷದ ಉಳಿದ ರೋಗಿಗಳೂ ಉಳಿಯಲಿಲ್ಲ. ಅವರು ಕೆಲಸ ನಿಲ್ಲಿಸಿ ಪ್ರಯೋಗಾಲಯಕ್ಕೆ ಹಿಂದಿರುಗಿದರು. 1967ರಲ್ಲಿ ಮತ್ತೆ ಶುರುಮಾಡಿದಾಗ ಒಂದು ವರ್ಷ ದಾಟಿ ಬದುಕಿದ ರೋಗಿಯನ್ನು ಕಂಡರು. ಅಂದಹಾಗೆ, ಆ ಮೊದಲ ಮಗುವಿಗಿದ್ದದ್ದು ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ, ಬಿಲಿಯರಿ ಅಟ್ರೇಸಿಯಾ. ನಿಮ್ಮ ಒಪಿಡಿಯಿಂದ ನಿಮ್ಮ ಸಹೋದ್ಯೋಗಿಯ ಕಡೆಗೆ ಹೋಗುವ ಮಕ್ಕಳಲ್ಲಿ ಹೆಚ್ಚಿನವರದೂ ಅದೇ ಆಗಿರುತ್ತದೆ. ಭಾಷಣಕ್ಕೆ ಚರಿತ್ರೆ ಬೇಕೆನಿಸಿದರೆ ಇದೊಂದೇ ಸಾಕು.

'ಮೊದಲ' ಎಂಬ ಮಾತನ್ನು ಆದಷ್ಟೂ ದೂರ ಇಡಿ. ರಾಜ್ಯದಲ್ಲೇ ಮೊದಲು, ದಕ್ಷಿಣ ಭಾರತದಲ್ಲೇ ಮೊದಲು ಎನ್ನುವ ಹೇಳಿಕೆಗಳು ಆಸ್ಪತ್ರೆಗಳ ಪ್ರಚಾರ ವಿಭಾಗದಲ್ಲಿ ಸಲೀಸಾಗಿ ಹುಟ್ಟುತ್ತವೆ, ಸಭೆಯಲ್ಲಿರುವ ಇನ್ನೊಂದು ಆಸ್ಪತ್ರೆಯ ವೈದ್ಯರ ಮುಖ ಅಷ್ಟೇ ಸಲೀಸಾಗಿ ಗಂಟಾಗುತ್ತದೆ. ಹೊಗಳಿಕೆ ಎಲ್ಲೆ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಕಸಿಯ ಚರಿತ್ರೆಯಲ್ಲೇ ಒಂದು ನಿದರ್ಶನವಿದೆ. ಹ್ಯಾಮಿಲ್ಟನ್ ನಕಿ ಕೇಪ್ ಟೌನ್ ವಿಶ್ವವಿದ್ಯಾಲಯದ ಪ್ರಾಣಿ ಪ್ರಯೋಗಾಲಯದಲ್ಲಿ ದುಡಿದ ಕಪ್ಪು ವರ್ಣೀಯ. ವೈದ್ಯಕೀಯ ಓದದೆಯೇ ಪ್ರಾಣಿಗಳಲ್ಲಿ ಕಸಿ ಮಾಡುವಷ್ಟು ಕೈಪಳಗಿಸಿಕೊಂಡಿದ್ದರು, ಎಳೆಯ ಸರ್ಜನ್ನರಿಗೆ ಕಲಿಸಿದ್ದರು. 2005ರಲ್ಲಿ ಅವರು ತೀರಿಕೊಂಡಾಗ ಜಗತ್ತಿನ ದೊಡ್ಡ ಪತ್ರಿಕೆಗಳು 1967ರ ಡಿಸೆಂಬರ್ 3ರಂದು ಕ್ರಿಶ್ಚಿಯನ್ ಬರ್ನಾರ್ಡ್ ಮಾಡಿದ ಮೊದಲ ಹೃದಯ ಕಸಿಯಲ್ಲಿ ದಾನಿಯ ಹೃದಯ ತೆಗೆದವರು ಇವರೇ ಎಂದು ಬರೆದವು. ಅದು ನಿಜವಾಗಿರಲಿಲ್ಲ. ತಿದ್ದುಪಡಿ ಪ್ರಕಟವಾಯಿತು. ನಿಜವಾಗಿ ಮಾಡಿದ ಕೆಲಸವೇ ಸನ್ಮಾನಕ್ಕೆ ಸಾಕಾಗಿದ್ದ ಮನುಷ್ಯನ ಹೆಸರು ಈಗಲೂ ಆ ತಿದ್ದುಪಡಿಯ ಜೊತೆಗೇ ಬರುತ್ತದೆ.

ಇನ್ನು ಥಿಯೇಟರಿನೊಳಗಿನ ಕೆಲಸ. ನಿಮ್ಮ ಸಹೋದ್ಯೋಗಿ ಏನು ಮಾಡುತ್ತಾರೆಂದು ನಿಮಗೆ ಗೊತ್ತಿದ್ದರೆ ವಿಶೇಷಣಗಳು ತಾವಾಗಿಯೇ ಉದುರಿಹೋಗುತ್ತವೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಗುವಿಗೆ ಸಾಮಾನ್ಯವಾಗಿ ತಾಯಿಯ ಅಥವಾ ತಂದೆಯ ಲಿವರಿನ ಎಡತುದಿಯ ಭಾಗ ಕೊಡುತ್ತಾರೆ. ಎಂಟು ಖಂಡಗಳಲ್ಲಿ ಎರಡನೆಯದು ಮತ್ತು ಮೂರನೆಯದು, ಇಡೀ ಲಿವರಿನ ಐದನೆಯ ಒಂದು ಅಥವಾ ನಾಲ್ಕನೆಯ ಒಂದು ಪಾಲು, ತೂಕದಲ್ಲಿ ಸುಮಾರು 200ರಿಂದ 300 ಗ್ರಾಂ. ತಾಯಿಯ ಲಿವರಿಗೆ ರಕ್ತದ ಹರಿವು ನಿಲ್ಲಿಸದೆಯೇ ಅಲ್ಟ್ರಾಸೌಂಡ್ ಕಂಪನದ ಉಪಕರಣದಿಂದ ಲಿವರಿನ ಮಾಂಸವನ್ನು ಬಿಡಿಸುತ್ತ ಹೋಗಿ, ಒಳಗಿನ ನಾಳಗಳನ್ನು ಒಂದೊಂದಾಗಿ ಕಟ್ಟಿ ಕತ್ತರಿಸುತ್ತಾರೆ. ಪಿತ್ತನಾಳವನ್ನು ಎಲ್ಲಿ ಕತ್ತರಿಸಬೇಕು ಎಂಬುದು ಇಲ್ಲಿನ ಸೂಕ್ಷ್ಮ. ಒಂದೆರಡು ಮಿಲಿಮೀಟರ್ ಆಚೆ ಹೋದರೆ ಮಗುವಿನ ಕಡೆ ಒಂದರ ಬದಲು ಎರಡು ನಾಳ ಜೋಡಿಸಬೇಕಾಗುತ್ತದೆ, ಈಚೆ ಬಂದರೆ ತಾಯಿಯ ನಾಳ ಕಿರಿದಾಗುತ್ತದೆ. ತೆಗೆದ ಭಾಗವನ್ನು ಮಂಜುಗಡ್ಡೆಯ ಮೇಲಿಟ್ಟು ತಣ್ಣನೆಯ ಸಂರಕ್ಷಣಾ ದ್ರಾವಣ ಹಾಯಿಸಿ ರಕ್ತ ತೊಳೆಯುತ್ತಾರೆ. ಪಕ್ಕದ ಥಿಯೇಟರಿನಲ್ಲಿ ಇನ್ನೊಂದು ತಂಡ ಅಷ್ಟರೊಳಗೆ ಮಗುವಿನ ಹಳೆಯ ಲಿವರ್ ತೆಗೆಯುವ ಹಂತಕ್ಕೆ ಬಂದಿರಬೇಕು. ಪಿತ್ತ ಹರಿಯಲೆಂದು ಕರುಳನ್ನು ಲಿವರಿಗೆ ಜೋಡಿಸುವ ಕಸಾಯಿ (Kasai) ಆಪರೇಷನ್ ಮೊದಲೇ ಆಗಿದ್ದ ಮಗುವಾದರೆ ಕರುಳು ಲಿವರಿಗೆ ಅಂಟಿಕೊಂಡಿರುತ್ತದೆ, ಬಿಡಿಸುವಾಗ ರಕ್ತ ಹೋಗುತ್ತದೆ, ಕರುಳಿಗೆ ತೂತು ಬೀಳುವ ಭಯವಿರುತ್ತದೆ.

ಜೋಡಣೆ ಹೀಗೆ ನಡೆಯುತ್ತದೆ: ಮೊದಲು ಲಿವರಿನಿಂದ ಹೃದಯದ ಕಡೆ ರಕ್ತ ಒಯ್ಯುವ ಅಭಿಧಮನಿ, ಬಳಿಕ ಕರುಳಿನಿಂದ ಲಿವರಿಗೆ ರಕ್ತ ತರುವ ಪೋರ್ಟಲ್ ಅಭಿಧಮನಿ. ಇಷ್ಟಾದ ಮೇಲೆ ಕ್ಲಾಂಪ್ ಬಿಡುತ್ತಾರೆ. ತಣ್ಣಗಿದ್ದ ಅಂಗದಿಂದ ಪೊಟ್ಯಾಶಿಯಂ ಮತ್ತು ಆಮ್ಲ ಒಮ್ಮೆಗೇ ಹೃದಯಕ್ಕೆ ನುಗ್ಗುವುದು ಆಗಲೇ. ರಕ್ತದೊತ್ತಡ ಕುಸಿಯಬಹುದು, ಹೃದಯದ ಲಯ ತಪ್ಪಬಹುದು. ಆ ಕೆಲವು ನಿಮಿಷ ಮಗುವನ್ನು ಹಿಡಿದು ನಿಲ್ಲಿಸುವವರು ಅರಿವಳಿಕೆ ತಜ್ಞರು. ಬಿನ್ನವತ್ತಳೆಯಲ್ಲಿ ಅವರ ಹೆಸರಿಲ್ಲದಿದ್ದರೆ ಅದು ಅರ್ಧ ಬರಹ.

ಆಮೇಲೆ ಬರುವುದು ಅಪಧಮನಿ. ಹಸುಳೆಯಲ್ಲಿ ಅದರ ಅಗಲ ಎರಡು-ಮೂರು ಮಿಲಿಮೀಟರ್, ಕೆಲವೊಮ್ಮೆ ಇನ್ನೂ ಕಡಿಮೆ. ಸೂಕ್ಷ್ಮದರ್ಶಕದ ಕೆಳಗೆ ಅಥವಾ ಹೆಚ್ಚು ವರ್ಧನೆಯ ಲೂಪ್ ಕನ್ನಡಕ ಹಾಕಿಕೊಂಡು ಕೂದಲಿಗಿಂತ ತೆಳುವಾದ 8-0, 9-0 ದಾರದಲ್ಲಿ ಬಿಡಿಬಿಡಿ ಹೊಲಿಗೆ ಹಾಕುತ್ತಾರೆ. ಇದು ಮುಚ್ಚಿಕೊಂಡರೆ ಕತೆ ಕೆಡುತ್ತದೆ. ಪಿತ್ತನಾಳಗಳು ರಕ್ತಕ್ಕಾಗಿ ನಂಬಿರುವುದು ಬಹುಪಾಲು ಈ ಅಪಧಮನಿಯನ್ನೇ, ಆದ್ದರಿಂದ ಹೆಪ್ಪುಗಟ್ಟಿದರೆ ನಾಳಗಳು ಕೊಳೆಯುತ್ತವೆ, ಅಂಗವೇ ಹೋಗಬಹುದು. ಮೊದಲ ವಾರ ದಿನವೂ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡುವುದು, ಅನುಮಾನ ಬಂದರೆ ನಡುರಾತ್ರಿಯಲ್ಲೂ ಮಗುವನ್ನು ಮತ್ತೆ ಥಿಯೇಟರಿಗೆ ಒಯ್ಯುವುದು ಈ ಕಾರಣಕ್ಕೆ. ಕೊನೆಯಲ್ಲಿ ಕರುಳಿನ ಒಂದು ಕುಣಿಕೆಯನ್ನು ಮೇಲೆತ್ತಿ ಪಿತ್ತನಾಳಕ್ಕೆ ಸೇರಿಸುತ್ತಾರೆ. ಸೋರುವುದೂ ಬಳಿಕ ಕಿರಿದಾಗುವುದೂ ಈ ಜಾಗದಲ್ಲೇ ಹೆಚ್ಚು.

ಗಾತ್ರದ ಲೆಕ್ಕವೂ ಇದೆ. ವಯಸ್ಕರಲ್ಲಿ ಕಸಿಭಾಗ ರೋಗಿಯ ತೂಕದ ಶೇಕಡಾ 0.8ರಷ್ಟಾದರೂ ಇರಲಿ ಎಂದು ನೋಡುತ್ತಾರೆ. 60 ಕಿಲೋ ಮನುಷ್ಯನಿಗೆ 480 ಗ್ರಾಂ. ಹಸುಳೆಯಲ್ಲಿ ತೊಂದರೆ ತಿರುಗುಮುರುಗು. 7 ಕಿಲೋ ಮಗುವಿಗೆ 250 ಗ್ರಾಂ ಎಂದರೆ ಶೇಕಡಾ 3.6. ಶೇಕಡಾ 4 ದಾಟಿದರೆ ಅಷ್ಟು ದೊಡ್ಡ ಅಂಗಕ್ಕೆ ಮಗುವಿನ ಪೋರ್ಟಲ್ ರಕ್ತ ಸಾಲದು, ಹೊಟ್ಟೆ ಮುಚ್ಚಿದರೆ ಒತ್ತಡಕ್ಕೆ ರಕ್ತನಾಳ ಅದುಮಿಹೋಗುತ್ತದೆ. ಆಗ ಅಂಗವನ್ನೇ ತೆಳ್ಳಗೆ ಕತ್ತರಿಸಬೇಕು, ಇಲ್ಲವೇ ಕೆಲವು ದಿನ ಹೊಟ್ಟೆಯ ಸ್ನಾಯು ಮುಚ್ಚದೆ ಬಿಡಬೇಕು. ಇದನ್ನು ಸಭೆಗೆ ಹೇಳಬೇಕಿಲ್ಲ. ಆದರೆ "ಏಳು ಕಿಲೋ ಮಗುವಿನಲ್ಲಿ ಎರಡು ಮಿಲಿಮೀಟರ್ ರಕ್ತನಾಳ ಜೋಡಿಸಿ, ಅದು ತೆರೆದೇ ಇದೆಯೇ ಎಂದು ವಾರವಿಡೀ ಕಾಯುವವರು ನಮ್ಮ ಡಾಕ್ಟರು" ಎಂದರೆ ಹಿಂದಿನ ಸಾಲಿನಲ್ಲಿ ಕುಳಿತ ಅಜ್ಜಿಗೂ ಮುಂದಿನ ಸಾಲಿನ ಪ್ರೊಫೆಸರಿಗೂ ಒಟ್ಟಿಗೆ ತಲುಪುತ್ತದೆ. ನೂರು 'ಅಪ್ರತಿಮ'ಗಳು ಮಾಡದ ಕೆಲಸವನ್ನು ಆ ಎರಡು ಮಿಲಿಮೀಟರ್ ಮಾಡುತ್ತದೆ.

ಕೆಲವು ತಪ್ಪು ಮಾತುಗಳು ಇಂಥ ಭಾಷಣಗಳಲ್ಲಿ ಪದೇಪದೇ ಬರುತ್ತವೆ. "ದಾನ ಮಾಡಿದವರಿಗೆ ಯಾವ ಅಪಾಯವೂ ಇಲ್ಲ" ಎನ್ನಬೇಡಿ. ಎಡತುದಿಯ ಭಾಗ ಕೊಡುವುದು ಬಲಭಾಗ ಕೊಡುವುದಕ್ಕಿಂತ ಸುರಕ್ಷಿತ, ಆದರೂ ಅಪಾಯ ಸೊನ್ನೆಯಲ್ಲ. "ಲಿವರ್ ಮತ್ತೆ ಹಾಗೇ ಬೆಳೆದುಬಿಡುತ್ತದೆ" ಎನ್ನುವುದೂ ಅಷ್ಟು ಸರಿಯಲ್ಲ: ಉಳಿದ ಭಾಗ ಕೆಲವು ವಾರ-ತಿಂಗಳುಗಳಲ್ಲಿ ಹಿಗ್ಗಿ ಗಾತ್ರ ತುಂಬಿಕೊಳ್ಳುತ್ತದೆ, ಕತ್ತರಿಸಿದ ಖಂಡ ಮತ್ತೆ ಹುಟ್ಟುವುದಿಲ್ಲ. ಮಾತು ಕಿಡ್ನಿಯ ಕಡೆ ಹೋದರೆ "ಹಳೆಯದನ್ನು ತೆಗೆದು ಹೊಸದನ್ನು ಹಾಕಿದರು" ಎನ್ನಬೇಡಿ. ಹಳೆಯವು ಬಹುತೇಕ ಅಲ್ಲೇ ಇರುತ್ತವೆ, ಹೊಸದು ಕಿಬ್ಬೊಟ್ಟೆಯ ಪಕ್ಕದಲ್ಲಿ ಕೂರುತ್ತದೆ. ಮಿದುಳುಕಾಂಡ ಸತ್ತ ದಾನಿಯನ್ನು 'ಕೋಮಾದಲ್ಲಿದ್ದವರು' ಎಂದು ಎಂದೂ ಹೇಳಬೇಡಿ. ಆ ಒಂದು ಮಾತು ಕೇಳಿದ ಕುಟುಂಬ ನಾಳೆ ದಾನಕ್ಕೆ ಒಪ್ಪದೆ ಹೋಗಬಹುದು. ನಮ್ಮ ಕಾನೂನಿನಲ್ಲಿ ಆ ಸಾವನ್ನು ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆ ಅಂತರದಲ್ಲಿ, ಎರಡು ಸಲ ಪರೀಕ್ಷಿಸಿ ಸಹಿ ಹಾಕಬೇಕು. ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರುವಂತಿಲ್ಲ. ಹೀಗಾಗಿ "ನಮ್ಮ ಡಾಕ್ಟರು ಸಾವಿನ ಮನೆಯಲ್ಲೂ ಬದುಕು ಹುಡುಕಿದರು, ಕುಟುಂಬವನ್ನು ತಾವೇ ಒಪ್ಪಿಸಿದರು" ಎಂದು ಉತ್ಸಾಹದಲ್ಲಿ ಬರೆದರೆ ಹೊಗಳಿದಂತಾಗದು, ನಿಯಮ ಮೀರಿದ್ದಾರೆಂದು ಆರೋಪ ಹೊರಿಸಿದಂತಾಗುತ್ತದೆ.

ಅಂಕಿಗಳ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. "ಶೇಕಡಾ 95 ಯಶಸ್ಸು" ಎಂಬುದಕ್ಕೆ ಅರ್ಥವೇ ಇಲ್ಲ. ಆಸ್ಪತ್ರೆಯಿಂದ ಮನೆಗೆ ಹೋದವರೇ, ಒಂದು ವರ್ಷ ಬದುಕಿದವರೇ, ಐದು ವರ್ಷವೇ? ಮಗು ಬದುಕಿರುವುದು ಬೇರೆ, ಮೊದಲು ಕಸಿ ಮಾಡಿದ ಅಂಗವೇ ಕೆಲಸ ಮಾಡುತ್ತಿರುವುದು ಬೇರೆ. ಎರಡನೆಯ ಕಸಿ ಆಗಿ ಬದುಕಿದ ಮಗು ಮೊದಲ ಲೆಕ್ಕದಲ್ಲಿರುತ್ತದೆ, ಎರಡನೆಯದರಲ್ಲಿರುವುದಿಲ್ಲ. ಫಾಲೋಅಪ್‌ಗೆ ಬಾರದೆ ಹೋದವರನ್ನು ಎಲ್ಲಿ ಸೇರಿಸಿದ್ದಾರೆ? ವಿಭಾಗದ ದಾಖಲೆ ನೋಡಿಕೊಳ್ಳುವವರಿಂದ ಮೂರು ಸಂಗತಿ ಬರೆಸಿಕೊಳ್ಳಿ: ಇಂಥ ದಿನಾಂಕದವರೆಗೆ ಇಷ್ಟು ಮಕ್ಕಳ ಕಸಿ, ಅವರಲ್ಲಿ ಐದು ವರ್ಷ ತುಂಬಿದವರು ಇಷ್ಟು ಮಂದಿ, ಅವರಲ್ಲಿ ಬದುಕಿರುವವರು ಇಷ್ಟು. ಮೂರನೆಯ ಸಂಖ್ಯೆ ಚಿಕ್ಕದಿದ್ದರೂ ಅದನ್ನೇ ಹೇಳಿ. ಬರೀ ಆರಂಭದ ಸುದ್ದಿ ನೋಡಿ ಕೊಂಡಾಡಿದರೆ ಏನಾಗುತ್ತದೆ ಎಂದು ಸ್ಟಾಕ್‌ಹೋಮ್ ಕಂಡಿದೆ. 2011ರಲ್ಲಿ ಕೃತಕ ಶ್ವಾಸನಾಳ ಕಸಿಗಾಗಿ ಜಗತ್ತೇ ಹೊಗಳಿದ ಸರ್ಜನ್ ಪಾವೊಲೊ ಮಕಿಯಾರಿನಿಗೆ, ಅದೇ ರೋಗಿಗಳಿಗೆ ಹಾನಿ ಮಾಡಿದ ಅಪರಾಧಕ್ಕೆ, 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಎರಡೂವರೆ ವರ್ಷ ಜೈಲುಶಿಕ್ಷೆ ವಿಧಿಸಿತು.

ತಂಡವನ್ನು ನೆನೆಯುವಾಗ 'ಮತ್ತು ಅವರ ತಂಡ' ಎಂದು ಒಂದೇ ಉಸಿರಿನಲ್ಲಿ ಮುಗಿಸಬೇಡಿ. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಅವಳಿಗಳ ನಡುವೆ ನಡೆದ ಮೊದಲ ಯಶಸ್ವಿ ಕಿಡ್ನಿ ಕಸಿಗಾಗಿ ಜೋಸೆಫ್ ಮರ್ರೆ ಹೆಸರು ಎಲ್ಲರಿಗೂ ಗೊತ್ತು, 1990ರಲ್ಲಿ ನೊಬೆಲ್ ಕೂಡ ಬಂತು. ದಾನಿಯ ಕಿಡ್ನಿ ತೆಗೆದವರು ಹಾರ್ಟ್‌ವೆಲ್ ಹ್ಯಾರಿಸನ್, ರೋಗಿಯನ್ನು ಸಿದ್ಧಪಡಿಸಿದ ಕಿಡ್ನಿ ತಜ್ಞರು ಜಾನ್ ಮೆರಿಲ್. ಆರೋಗ್ಯವಂತ ಮನುಷ್ಯನ ಹೊಟ್ಟೆ ತೆರೆದು ಅವನಿಗೆ ಏನೂ ಪ್ರಯೋಜನವಿಲ್ಲದ ಆಪರೇಷನ್ ಮಾಡುವ ಹೊಣೆ ಹೊತ್ತವರು ಹ್ಯಾರಿಸನ್ ಎಂಬುದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ನಿಮ್ಮಲ್ಲೂ ದಾನಿಯ ಆಪರೇಷನ್ ಮಾಡುವವರು ಬೇರೆಯವರಿರಬಹುದು, ಕೇಳಿ ತಿಳಿದುಕೊಳ್ಳಿ. ಜೊತೆಗೆ ಅರಿವಳಿಕೆ, ಐಸಿಯು, ಮಕ್ಕಳ ಲಿವರ್ ತಜ್ಞರು, ಬ್ಲಡ್ ಬ್ಯಾಂಕ್, ಡಾಪ್ಲರ್ ಮಾಡುವ ರೇಡಿಯಾಲಜಿ, ಥಿಯೇಟರ್ ಸಿಸ್ಟರ್‌ಗಳು, ಕಸಿ ಸಂಯೋಜಕರು. ಈ ಕೊನೆಯವರನ್ನು ಎಲ್ಲರೂ ಮರೆಯುತ್ತಾರೆ. ಅಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾದ ಮೇಲೆ ಸಂಯೋಜಕರಿಲ್ಲದ ಆಸ್ಪತ್ರೆಗೆ ಕಸಿ ನೋಂದಣಿಯೇ ಸಿಗುವುದಿಲ್ಲ. ಕಸಿಗೆ ಅನುಮತಿ ಕೊಡುವ ಅಧಿಕಾರ ಸಮಿತಿಯ ಕಾಗದ, ಮುಖ್ಯಮಂತ್ರಿ ನಿಧಿಯ ಅರ್ಜಿ, ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಗೆ ಹೆಸರು ಸೇರಿಸುವುದು, ಊರಿಂದ ಬಂದವರಿಗೆ ತಂಗಲು ಕೋಣೆ ಹುಡುಕುವುದು, ಇವೆಲ್ಲ ಅವರ ತಲೆಯ ಮೇಲೆಯೇ ಬೀಳುತ್ತವೆ.

ನಿಮ್ಮ ಪಾಲನ್ನೂ ಸಂಕೋಚವಿಲ್ಲದೆ ಹೇಳಿ, ಆದರೆ ಒಂದೇ ವಾಕ್ಯದಲ್ಲಿ. ಹದಿನಾಲ್ಕು ದಿನ ದಾಟಿದರೂ ಕಾಮಾಲೆ ಇಳಿಯದ, ಸುಣ್ಣದಂಥ ಬಿಳಿ ಮಲ ಹೋಗುವ ಮಗುವನ್ನು ಅರುವತ್ತು ದಿನದೊಳಗೆ ಗುರುತಿಸಿ ಕಳಿಸಿದರೆ ಕಸಾಯಿ ಆಪರೇಷನ್ನಿಗೆ ಒಳ್ಳೆಯ ಅವಕಾಶ ಇರುತ್ತದೆ. ಆದರೂ ಅವರಲ್ಲಿ ಹೆಚ್ಚಿನವರಿಗೆ ದೊಡ್ಡವರಾಗುವಷ್ಟರಲ್ಲಿ ಕಸಿ ಬೇಕಾಗುತ್ತದೆ. ದಡಾರ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳನ್ನು ಕಸಿಗೆ ಕನಿಷ್ಠ ನಾಲ್ಕು ವಾರ ಮೊದಲು ಮುಗಿಸುವುದು ಮಕ್ಕಳ ತಜ್ಞರ ಕೆಲಸ. ಸಭೆಯಲ್ಲಿ ಕುಳಿತ ಬೇರೆ ಮಕ್ಕಳ ವೈದ್ಯರು ಮನೆಗೆ ಒಯ್ಯಬೇಕಾದ ಮಾತೆಂದರೆ ಇದು. ಸನ್ಮಾನದ ವೇದಿಕೆಯನ್ನು ಅಷ್ಟಕ್ಕೆ ಬಳಸಿಕೊಂಡರೆ ನಿಮ್ಮ ಸಹೋದ್ಯೋಗಿ ಖಂಡಿತ ಬೇಸರಪಡುವುದಿಲ್ಲ.

ಈಗ ಮಕ್ಕಳಿಂದ ಹಾರ ಹಾಕಿಸುವ ವಿಚಾರ. ಆಡಳಿತದವರಿಗೆ ಇದು ಒಳ್ಳೆಯ ಫೋಟೊ ಆಗಿ ಕಾಣುತ್ತದೆ. ನನ್ನ ಸಲಹೆ: ಬೇಡ. ಮಾಡಲೇಬೇಕಾದರೆ ಹೀಗೆ ಮಾಡಿ.

ಕಸಿಯಾಗಿ ವರ್ಷವಾದರೂ ತುಂಬಿದ, ಇತ್ತೀಚೆಗೆ ಅಂಗ ನಿರಾಕರಣೆಗೆ ಚಿಕಿತ್ಸೆ ಪಡೆಯದ ಮಗುವನ್ನಷ್ಟೇ ಕರೆಯಿರಿ. ಮೊದಲ ಮೂರರಿಂದ ಆರು ತಿಂಗಳು ರೋಗನಿರೋಧ ಕುಗ್ಗಿಸುವ ಔಷಧಿಯ ಪ್ರಮಾಣ ಹೆಚ್ಚಿರುತ್ತದೆ. ತುಂಬಿದ ಎ.ಸಿ. ಸಭಾಂಗಣ ಅಂಥ ಮಗುವಿಗೆ ಜಾಗವಲ್ಲ. ಸಭೆಗೆ ಬಂದ ಯಾವುದೋ ಮಗುವಿಗೆ ಮರುದಿನ ಸೀತಾಳೆ ಸಿಡುಬು ಎದ್ದರೆ ಕಸಿಯಾದ ಮಗುವಿಗೆ ಕೂಡಲೇ ಮುನ್ನೆಚ್ಚರಿಕೆಯ ಔಷಧಿ ಬೇಕಾಗುತ್ತದೆ, ಹಾಗಾಗಿ ಬಂದವರ ಫೋನ್ ನಂಬರು ಸಂಯೋಜಕರ ಬಳಿ ಇರಲಿ. ಹೂವಿನ ಹಾರದ ಬದಲು ಗಂಧದ ಹಾರ ಅಥವಾ ಹಾವೇರಿಯ ಏಲಕ್ಕಿ ಹಾರ ತರಿಸಿ. ಹಸಿ ಹೂವು, ಕುಂಡದ ಮಣ್ಣು ಬೂಷ್ಟಿನ ಬೀಜಗಳ ತವರು. ಕಾರ್ಯಕ್ರಮ ಬೆಳಗ್ಗೆ ಹನ್ನೊಂದಕ್ಕೆ ಶುರುವಾಗಿ ಒಂದಕ್ಕೆ ಮುಗಿಯಲಿ. ಅಂಗ ನಿರಾಕರಣೆ ತಡೆಯುವ ಟ್ಯಾಕ್ರೊಲಿಮಸ್ ಹನ್ನೆರಡು ಗಂಟೆಗೊಮ್ಮೆ ಕೊಡುವ ಔಷಧಿ, ಹಲವು ಮನೆಗಳಲ್ಲಿ ಬೆಳಗ್ಗೆ-ರಾತ್ರಿ ಎಂಟಕ್ಕೆ. ಆರೂವರೆಗೆ ಎಂದು ಹಾಕಿದ ಸಮಾರಂಭ ನಮ್ಮಲ್ಲಿ ಏಳೂವರೆಗೆ ಶುರುವಾಗುತ್ತದೆ, ಸಚಿವರು ಬಂದರೆ ಎಂಟೂವರೆಗೆ. ಅಷ್ಟರಲ್ಲಿ ಮಗುವಿನ ಔಷಧಿಯ ಹೊತ್ತು ಮೀರಿರುತ್ತದೆ.

ಊಟದಲ್ಲಿ ಬಿಸಿಯಾಗಿ ಬೇಯಿಸಿದ್ದು ಸರಿ. ಹೊತ್ತಿನ ಮುಂಚೆ ಹೆಚ್ಚಿಟ್ಟ ಹಣ್ಣು, ಹಸಿ ಕೋಸಂಬರಿ, ಮಧ್ಯಾಹ್ನದವರೆಗೆ ಹೊರಗಿದ್ದ ಕಾಯಿಚಟ್ನಿ, ಕಾಯಿಸದ ಹಾಲಿನ ಪಂಚಾಮೃತ ಬೇಡ. ಫಲತಾಂಬೂಲದ ಬುಟ್ಟಿ ಕೊಡುವುದಾದರೆ ಅದರಲ್ಲಿ ಚಕ್ಕೋತ ಹೋಗದಂತೆ ನೋಡಿಕೊಳ್ಳಿ. ದ್ರಾಕ್ಷಿಹಣ್ಣಿನ ಹೆಸರು ಹೊತ್ತ ಗ್ರೇಪ್‌ಫ್ರೂಟ್ ನಮ್ಮ ಸಂತೆಯಲ್ಲಿ ಅಪರೂಪ, ಆದರೆ ಅದರ ಬಳಗದ ಚಕ್ಕೋತ ದೇವನಹಳ್ಳಿಯ ಹೆಮ್ಮೆ. ಟ್ಯಾಕ್ರೊಲಿಮಸ್, ಅಂಥದೇ ಇನ್ನೊಂದು ಔಷಧಿ ಸೈಕ್ಲೋಸ್ಪೋರಿನ್ ಎರಡನ್ನೂ ಕರಗಿಸುವ ಕರುಳಿನ ಕಿಣ್ವವನ್ನು ಇವು ತಡೆಯುತ್ತವೆ, ರಕ್ತದಲ್ಲಿ ಔಷಧಿ ಏರಿ ಕಿಡ್ನಿಗೆ ಪೆಟ್ಟಾಗುತ್ತದೆ, ಕೈ ನಡುಗುತ್ತದೆ. ಸಾಮಾನ್ಯ ದ್ರಾಕ್ಷಿಗೂ ಇದಕ್ಕೂ ಸಂಬಂಧವಿಲ್ಲ, ತಂದೆತಾಯಿ ಅದನ್ನೂ ನಿಲ್ಲಿಸಿಬಿಡದಂತೆ ಹೇಳಿ.

ಫೋಟೊ, ವಿಡಿಯೊ, ಹೆಸರು ಬಳಸಲು ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು. ವೈದ್ಯರ ವೃತ್ತಿ ನಡಾವಳಿಯ 2002ರ ನಿಯಮಗಳು ಒಪ್ಪಿಗೆಯಿಲ್ಲದೆ ರೋಗಿಯ ಗುರುತು ಪ್ರಕಟಿಸುವುದನ್ನು ತಡೆಯುತ್ತವೆ. ಒಪ್ಪಿಗೆ ಕೇಳುವವರು ಮಗುವಿಗೆ ಚಿಕಿತ್ಸೆ ಕೊಡುವ ವೈದ್ಯರಾಗಬಾರದು, ಏಕೆಂದರೆ ಜೀವ ಉಳಿಸಿದವರಿಗೆ 'ಬೇಡ' ಎನ್ನುವ ಧೈರ್ಯ ಯಾವ ತಾಯಿಗೂ ಬರುವುದಿಲ್ಲ. ಎಂಟು-ಹತ್ತು ವರ್ಷದ ಮಗುವಾದರೆ ಅದನ್ನೇ ಕೇಳಿ. ಶಾಲೆಯಲ್ಲಿ ಯಾರಿಗೂ ಹೇಳದೆ ಓದುತ್ತಿರುವ ಮಗುವಿನ ಚಿತ್ರ ಮರುದಿನ ಪತ್ರಿಕೆಯಲ್ಲಿ ಬರುವುದು ನಿಮ್ಮ ಸಹೋದ್ಯೋಗಿಗೆ ಉಡುಗೊರೆಯಲ್ಲ. ಅಂಗ ಬಂದದ್ದು ತೀರಿಕೊಂಡವರಿಂದಾದರೆ ದಾನಿಯ ಹೆಸರು, ಊರು, ಅಪಘಾತದ ದಿನ ಯಾವುದನ್ನೂ ಎತ್ತಬೇಡಿ. ಎರಡು ಕಡೆಯವರನ್ನು ವೇದಿಕೆಯಲ್ಲಿ ಮುಖಾಮುಖಿ ಮಾಡಿಸುವ ಆಟವಂತೂ ಬೇಡವೇ ಬೇಡ. ದಾನ ಮಾಡಿದ ತಾಯಂದಿರಿಗೆ ವೇದಿಕೆಯಲ್ಲಿ ಲಕೋಟೆಯಲ್ಲಿ ಹಣ ಕೊಡುವುದೂ ಬೇಡ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅಂಗಕ್ಕೆ ಹಣ ಎಂಬ ನೆರಳು ಬಿದ್ದರೂ ಸಾಕು, 1994ರ ಅಂಗ ಕಸಿ ಕಾಯ್ದೆಯ 19ನೆಯ ಕಲಂ ಐದರಿಂದ ಹತ್ತು ವರ್ಷ ಸಜೆ ಹೇಳುತ್ತದೆ. ಸೀರೆ, ಶಾಲು ಸಾಕು.

ಪ್ರಶಸ್ತಿ ಪದ್ಮ ಪುರಸ್ಕಾರವಾಗಿದ್ದರೆ ಹೆಸರಿನ ಹಿಂದೆ-ಮುಂದೆ 'ಪದ್ಮಶ್ರೀ' ಎಂದು ಅಂಟಿಸಬೇಡಿ. ಬ್ಯಾನರಿನವರು ಹಾಕಿಯೇ ಹಾಕುತ್ತಾರೆ, ತೆಗೆಸಿ. ಅದು ಬಿರುದಲ್ಲ, ಹೆಸರಿಗೆ ಸೇರಿಸಿ ಬಳಸುವಂತಿಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 'ಪದ್ಮಶ್ರೀ ಪುರಸ್ಕಾರ ಪಡೆದ' ಎಂದು ವಾಕ್ಯದೊಳಗೆ ಬರೆದರೆ ತೊಂದರೆಯಿಲ್ಲ.

ಬಿನ್ನವತ್ತಳೆ ಓದಲು ಎರಡು ನಿಮಿಷ ಮೀರಬಾರದು. ಚೌಕಟ್ಟಿನೊಳಗೆ ಕೂರಬೇಕಾದ್ದರಿಂದಲೂ 150 ಪದ ಮೀರದಿರುವುದು ಒಳ್ಳೆಯದು. ಒಂದು ಮಾದರಿ ಕೊಡುತ್ತೇನೆ, ಬೇಕಾದಂತೆ ಬದಲಿಸಿಕೊಳ್ಳಿ:

"ಮಾನ್ಯ ಡಾ. …… ಅವರೇ, ಮಕ್ಕಳ ಲಿವರ್ ಕಸಿಯಲ್ಲಿ ನೀವು ಮಾಡಿದ ಕೆಲಸಕ್ಕೆ …… ಪ್ರಶಸ್ತಿ ಸಂದಿರುವ ಈ ಹೊತ್ತು ನಿಮ್ಮ ಜೊತೆ ದುಡಿಯುವ ನಾವೆಲ್ಲ ಸಂತೋಷದಿಂದ ನಿಮ್ಮನ್ನು ಅಭಿನಂದಿಸುತ್ತೇವೆ. …… ವರ್ಷದಲ್ಲಿ ನೀವು ಇಲ್ಲಿ ಈ ಕೆಲಸ ಆರಂಭಿಸಿದಿರಿ. …… ದಿನಾಂಕದವರೆಗೆ …… ಮಕ್ಕಳು ನಿಮ್ಮಿಂದ ಕಸಿ ಪಡೆದಿದ್ದಾರೆ. ಐದು ವರ್ಷ ತುಂಬಿದ …… ಮಕ್ಕಳಲ್ಲಿ …… ಮಂದಿ ಇಂದು ನಮ್ಮೊಡನಿದ್ದಾರೆ. ಎರಡು ಮಿಲಿಮೀಟರ್ ರಕ್ತನಾಳದ ಹೊಲಿಗೆಯನ್ನು ನೀವು …… ಮಂದಿ ಕಿರಿಯ ಸರ್ಜನ್ನರಿಗೆ ಕಲಿಸಿದ್ದೀರಿ. ತಮ್ಮ ದೇಹದ ಒಂದು ಭಾಗ ಕೊಟ್ಟ ತಾಯಂದಿರು, ತಂದೆಯರು, ದುಃಖದ ಗಳಿಗೆಯಲ್ಲೂ ದಾನಕ್ಕೆ ಒಪ್ಪಿದ ಕುಟುಂಬಗಳು, ಥಿಯೇಟರಿನಲ್ಲೂ ಐಸಿಯುನಲ್ಲೂ ನಿಮ್ಮ ಜೊತೆ ನಿಂತ ಎಲ್ಲರನ್ನೂ ನಿಮ್ಮ ಹೆಸರಿನೊಡನೆ ನೆನೆಯುತ್ತೇವೆ. ನಿಮಗೂ ನಿಮ್ಮ ಮನೆಯವರಿಗೂ ನಮ್ಮ ಪ್ರೀತಿಯ ವಂದನೆಗಳು."

ಐದು ನಿಮಿಷದ ಮಾತಿಗೆ ಇದನ್ನೇ ಮತ್ತೆ ಓದಬೇಡಿ. ನಿಧಾನವಾಗಿ ಮಾತಾಡಿದರೆ ಕನ್ನಡದಲ್ಲಿ ನಿಮಿಷಕ್ಕೆ 80-90 ಪದ, ಅಂದರೆ ಒಟ್ಟು 400ರ ಆಸುಪಾಸು. ವೇದಿಕೆಯ ಮೇಲಿರುವವರ ಹೆಸರು ಹೇಳುವ ಕೆಲಸ ನಿರೂಪಕರಿಗೆ ಬಿಡಿ, ಇಲ್ಲದಿದ್ದರೆ ನಿಮ್ಮ ಎರಡು ನಿಮಿಷ ಅಲ್ಲೇ ಕರಗುತ್ತದೆ. ಶುರುವಿಗೆ ಪ್ರಶಸ್ತಿ ಯಾವುದಕ್ಕೆ ಎಂಬ ಒಂದು ವಾಕ್ಯ, ಆಮೇಲೆ ಆ ಅಪಧಮನಿಯ ವಿವರ, ಬಳಿಕ ತಂಡದ ಹೆಸರುಗಳು, ಬಿಳಿ ಮಲದ ಎಚ್ಚರಿಕೆ, ಕೊನೆಗೆ ನೇರವಾಗಿ ಅವರ ಕಡೆ ತಿರುಗಿ ಅಭಿನಂದನೆ. ತೀರಿಕೊಂಡ ಮಕ್ಕಳ ತಂದೆತಾಯಿಯರೂ ಸಭೆಯಲ್ಲಿರಬಹುದು. ಆದ್ದರಿಂದ 'ಸಾವನ್ನೇ ಗೆದ್ದವರು' ಎಂಬ ಮಾತು ಬಾಯಿಗೆ ಬಂದರೂ ನುಂಗಿಬಿಡಿ.

ಮುದ್ರಣಕ್ಕೆ ಕೊಡುವ ಮುನ್ನ ಕರಡನ್ನು ಇಬ್ಬರಿಗೆ ತೋರಿಸಿ: ಅಂಕಿಗಳಿಗಾಗಿ ಕಸಿ ಸಂಯೋಜಕರಿಗೆ, ಹೆಸರುಗಳ ಕಾಗುಣಿತ ಮತ್ತು ಬಿಟ್ಟುಹೋದವರಿಗಾಗಿ ವಿಭಾಗದ ಹಿರಿಯ ಸಿಸ್ಟರಿಗೆ. ಸನ್ಮಾನಿತರಿಗೆ ಪಠ್ಯ ತೋರಿಸುವ ಅಗತ್ಯವಿಲ್ಲ, ಆದರೆ ಕೆಲಸ ಆರಂಭಿಸಿದ ವರ್ಷ ಮತ್ತು ಗುರುಗಳ ಹೆಸರನ್ನು ಅವರಿಂದಲೇ ಕೇಳಿಕೊಳ್ಳಿ.